ಚೆಸ್ ಕಿರೀಟಕ್ಕೆ ಎಷ್ಟು ಮೆಟ್ಟಿಲು?

ಕ್ರಿಕೆಟ್ ವಿಶ್ವಕಪ್ ಗೆದ್ದ ತಂಡ ಮುಂದಿನ ಸಲ ಎಲ್ಲರಂತೆ ಮೊದಲ ಪಂದ್ಯದಿಂದಲೇ ಆಡಬೇಕು. ಚೆಸ್‌ನಲ್ಲಿ ಹಾಗಲ್ಲ. ಪಟ್ಟದ ಮಟ್ಟಿಗೆ ಚಾಂಪಿಯನ್ ಕುಳಿತಲ್ಲೇ ಕುಳಿತಿರುತ್ತಾನೆ. ಉಳಿದವರು ತಮ್ಮತಮ್ಮಲ್ಲೇ ಸೆಣಸಿ ಒಬ್ಬನನ್ನು ಆತನೆದುರು ಕಳಿಸಬೇಕು. ಆ ಒಬ್ಬನನ್ನು ಆರಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಚೆಸ್ ಜಗತ್ತು ನೂರು ವರ್ಷ ಕಳೆದಿದೆ.

ಚಾಂಪಿಯನ್‌ನ ಮರ್ಜಿ

ಮೊದಲು ನಿಯಮವೇ ಇರಲಿಲ್ಲ. ಯಾರೊಡನೆ ಆಡಬೇಕು, ಎಷ್ಟು ಹಣಕ್ಕೆ ಆಡಬೇಕು ಎಂಬುದೆಲ್ಲ ಚಾಂಪಿಯನ್‌ನ ಇಷ್ಟ. ಜರ್ಮನಿಯ ಲಾಸ್ಕರ್ 1894ರಿಂದ 1921ರವರೆಗೆ, ಅಂದರೆ 27 ವರ್ಷ, ಪಟ್ಟದಲ್ಲಿದ್ದರು. 1912ರಲ್ಲಿ ದೊಡ್ಡ ದೊಡ್ಡ ಟೂರ್ನಿಗಳನ್ನು ಗೆದ್ದ ಪೋಲೆಂಡಿನ ರೂಬಿನ್‌ಸ್ಟೈನ್ ಅವರೊಡನೆ ಹಣಾಹಣಿ ನಡೆಯುವ ಮಾತಾಗಿತ್ತು. 1914ರಲ್ಲಿ ಮಹಾಯುದ್ಧ ಬಂತು, ಅವಕಾಶ ಮತ್ತೆ ಬರಲೇ ಇಲ್ಲ. ಲಾಸ್ಕರ್‌ರನ್ನು ಸೋಲಿಸಿದ ಕ್ಯೂಬಾದ ಕಾಪಾಬ್ಲಾಂಕಾ 1922ರಲ್ಲಿ, ಸವಾಲು ಹಾಕುವವರು 10,000 ಡಾಲರ್ ಹೊಂದಿಸಬೇಕೆಂಬ ಷರತ್ತು ತಂದರು. 1927ರಲ್ಲಿ ಅಲೆಖೈನ್ ಅವರಿಂದ ಪಟ್ಟ ಕಸಿದುಕೊಂಡರು. ಆಮೇಲೆ ಕಾಪಾಬ್ಲಾಂಕಾ ಎಷ್ಟು ಕೇಳಿದರೂ ಮರುಹೋರಾಟ ಸಿಗಲಿಲ್ಲ. ತಾವೇ ಹಾಕಿದ ಬೇಲಿ ತಮಗೇ ಅಡ್ಡವಾಯಿತು.

ಮೆಟ್ಟಿಲು ಕಟ್ಟಿದ್ದು ಹೀಗೆ

1946ರಲ್ಲಿ ಅಲೆಖೈನ್ ಚಾಂಪಿಯನ್ ಆಗಿದ್ದಾಗಲೇ ತೀರಿಕೊಂಡರು. ಗದ್ದುಗೆ ಖಾಲಿಯಾಯಿತು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ 'ಫಿಡೆ'ಗೆ ಅದೇ ಸಂದರ್ಭ ಒದಗಿತು. 1948ರಲ್ಲಿ ಐವರನ್ನು ಆಡಿಸಿತು; ಸೋವಿಯತ್ ದೇಶದ ಬೋಟ್ವಿನ್ನಿಕ್ ಗೆದ್ದರು. ಮುಂದಿನದಕ್ಕೆ ಮೂರು ವರ್ಷದ ಕ್ರಮ ಹಾಕಿತು. ಮೊದಲು ವಲಯ ಟೂರ್ನಿ, ಅದರಲ್ಲಿ ಮುಂದೆ ಬಂದವರಿಗೆ ಇಂಟರ್‌ಜೋನಲ್, ಅಲ್ಲಿಂದ ಕ್ಯಾಂಡಿಡೇಟ್ಸ್, ಅದರಲ್ಲಿ ಗೆದ್ದವರಿಗೆ ಚಾಂಪಿಯನ್‌ನೊಡನೆ ಹಣಾಹಣಿ. ಹಳ್ಳಿ ಶಾಲೆಯ ಹುಡುಗ ಮೆಟ್ಟಿಲು ಹತ್ತಿ ವಿಶ್ವವಿದ್ಯಾಲಯ ಸೇರಿದ ಹಾಗೆ.

ಆದರೆ ನಿಯಮವಿದ್ದಲ್ಲಿ ಉಪಾಯವೂ ಇರುತ್ತದೆ. 1962ರಲ್ಲಿ ಕ್ಯುರಸಾವ್ ದ್ವೀಪದ ಕ್ಯಾಂಡಿಡೇಟ್ಸ್‌ನಲ್ಲಿ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ಎಂಬ ಮೂವರು ಸೋವಿಯತ್ ಆಟಗಾರರು ತಮ್ಮೊಳಗಿನ 12 ಆಟಗಳನ್ನೂ ಡ್ರಾ ಮಾಡಿಕೊಂಡರು. ಇವರು ದಣಿವಿಲ್ಲದೆ ಅರ್ಧರ್ಧ ಅಂಕ ಕೂಡಿಸಿಕೊಳ್ಳುತ್ತಿದ್ದರೆ ಉಳಿದವರು ಪ್ರತಿ ಸುತ್ತಿನಲ್ಲೂ ಬೆವರು ಸುರಿಸಬೇಕಾಯಿತು. ಅಮೆರಿಕದ ಬಾಬಿ ಫಿಷರ್ ಪತ್ರಿಕೆಯಲ್ಲೇ ಬರೆದು ಬಹಿರಂಗವಾಗಿ ದೂರಿದರು. ಫಿಡೆ ಆ ಟೂರ್ನಿಯನ್ನೇ ಕೈಬಿಟ್ಟು, ಇಬ್ಬಿಬ್ಬರು ಆಡಿ ಸೋತವರು ಹೊರಹೋಗುವ ಕ್ರಮ ತಂದಿತು. 1991ರಲ್ಲಿ ಮದರಾಸಿನಲ್ಲಿ ನಮ್ಮ ಆನಂದ್ ರಷ್ಯಾದ ದ್ರೇಯೆವ್‌ರನ್ನು ಸೋಲಿಸಿದ್ದು ಇಂಥದೇ ಹಣಾಹಣಿಯಲ್ಲಿ.

ಈಚಿನ ಲೆಕ್ಕ

1993ರಲ್ಲಿ ಕಿರೀಟವೇ ಎರಡಾಗಿ, 2006ರಲ್ಲಿ ಮತ್ತೆ ಒಂದಾಯಿತು. 2013ರಿಂದ ಕ್ಯಾಂಡಿಡೇಟ್ಸ್‌ಗೆ ಎಂಟು ಜನ. ಪ್ರತಿಯೊಬ್ಬರೂ ಉಳಿದ ಏಳು ಜನರೊಡನೆ ಬಿಳಿಯಲ್ಲೊಮ್ಮೆ, ಕಪ್ಪಿನಲ್ಲೊಮ್ಮೆ ಆಡಬೇಕು. ತಲಾ 14 ಆಟ, ಒಟ್ಟು 56. ಗೆದ್ದರೆ 1, ಡ್ರಾ ಆದರೆ ಅರ್ಧ ಅಂಕ.

ಈ ಎಂಟು ಜನ ಬರುವ ದಾರಿಗಳು ಬೇರೆ ಬೇರೆ. 2024ರ ಟೊರಾಂಟೊ ಟೂರ್ನಿಯನ್ನೇ ನೋಡಿ. ಹಿಂದಿನ ಪಟ್ಟದ ಹೋರಾಟದಲ್ಲಿ ಸೋತವರು ಒಬ್ಬರು, 206 ಆಟಗಾರರ ವಿಶ್ವಕಪ್‌ನಿಂದ ಮೂವರು, ಗ್ರ್ಯಾಂಡ್ ಸ್ವಿಸ್ ಟೂರ್ನಿಯಿಂದ ಇಬ್ಬರು, ವರ್ಷವಿಡೀ ಟೂರ್ನಿಗಳಲ್ಲಿ ಗಳಿಸಿದ ಅಂಕಗಳ ಮೇಲೆ ಒಬ್ಬರು, ರೇಟಿಂಗ್ ಮೇಲೆ ಒಬ್ಬರು. ಇವರಲ್ಲಿ ಗುಕೇಶ್, ಪ್ರಗ್ನಾನಂದ, ವಿದಿತ್ ಗುಜರಾತಿ ಎಂದು ಮೂವರು ಭಾರತೀಯರು.

17 ವರ್ಷದ ಗುಕೇಶ್ 7ನೇ ಸುತ್ತಿನಲ್ಲಿ ಫಿರೌಜಾಗೆ ಸೋತರು. ಆಮೇಲೆ ಸೋಲಲಿಲ್ಲ. 9 ಅಂಕ ಗಳಿಸಿದರು. ಅರ್ಧ ಅಂಕ ಹಿಂದೆ ಮೂವರಿದ್ದರು. ಕೊನೆಯ ದಿನ ಕರುವಾನಾ–ನೆಪೊಮ್ನಿಯಾಚಿ ಆಟದಲ್ಲಿ ಒಬ್ಬರು ಗೆದ್ದಿದ್ದರೂ ಗುಕೇಶ್ ಜೊತೆ ಸಮನಾಗುತ್ತಿದ್ದರು. 109 ನಡೆಗಳ ಬಳಿಕ ಅದು ಡ್ರಾ ಆಯಿತು.

ಪಕ್ಕದ ಬಾಗಿಲು

ಇಲ್ಲೊಂದು ಸ್ವಾರಸ್ಯವಿದೆ. ಮೆಟ್ಟಿಲು ಎಷ್ಟು ಗಟ್ಟಿಯಾಗಿದ್ದರೂ ಯಾರೋ ಒಬ್ಬರು ಕೈ ನೀಡಬೇಕಾಗುತ್ತದೆ. ಫಿಷರ್ ಅಮೆರಿಕದ 1969ರ ಅರ್ಹತಾ ಚಾಂಪಿಯನ್‌ಷಿಪ್ ಆಡಿರಲಿಲ್ಲ. ಪಾಲ್ ಬೆಂಕೊ ತಮ್ಮ ಸ್ಥಾನ ಬಿಟ್ಟುಕೊಟ್ಟರು. ಆಗ ಒಳಗೆ ಬಂದ ಫಿಷರ್ 1972ರಲ್ಲಿ ಚಾಂಪಿಯನ್ ಆದರು. 2022ರಲ್ಲಿ ಕರ್ಯಾಕಿನ್‌ಗೆ ನಿಷೇಧ ಬಿದ್ದು ಸ್ಥಾನ ತೆರವಾದಾಗ ಡಿಂಗ್ ಲಿರೆನ್ ಸಾಕಷ್ಟು ಆಟ ಆಡಿರಲಿಲ್ಲ; ಚೀನಾ ತರಾತುರಿಯಲ್ಲಿ ಆಟಗಳನ್ನು ಏರ್ಪಡಿಸಿ ಅವರನ್ನು ಅರ್ಹರಾಗಿಸಿತು. ಟೂರ್ನಿಯಲ್ಲಿ ಅವರು ಎರಡನೆಯವರಾದರು. ಚಾಂಪಿಯನ್ ಕಾರ್ಲ್‌ಸನ್ ಆಡುವುದಿಲ್ಲವೆಂದದ್ದರಿಂದ ಅವರಿಗೂ ಅವಕಾಶ ಬಂತು, 2023ರಲ್ಲಿ ಪಟ್ಟವೂ ಸಿಕ್ಕಿತು. ಗುಕೇಶ್‌ಗೆ ಟೊರಾಂಟೊ ದಾರಿ ತೆರೆಯಲು ನೆರವಾದದ್ದು 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಅವಸರದಲ್ಲಿ ನಡೆಸಿದ ಟೂರ್ನಿ. ಅದರ ಬಗ್ಗೆಯೂ ಗೊಣಗಾಟವಿತ್ತು.

ಹೀಗೆ 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಎದುರುಬದುರು ಕುಳಿತ ಡಿಂಗ್ ಮತ್ತು ಗುಕೇಶ್ ಇಬ್ಬರೂ ಒಂದು ರೀತಿಯಲ್ಲಿ ಪಕ್ಕದ ಬಾಗಿಲಿನಿಂದ ಬಂದವರೇ. ಗುಕೇಶ್ 7.5–6.5ರಿಂದ ಗೆದ್ದರು.

ಹಾಗಾದರೆ ಇದು ಅನ್ಯಾಯವೇ? ಬಾಗಿಲ ಬಳಿ ತಲುಪಿಸಲು ದೇಶ, ದುಡ್ಡು, ಗೆಳೆಯರು ನೆರವಾಗಬಹುದು. ಇವು ಯಾವುವೂ ಇಲ್ಲದ ಪ್ರತಿಭೆ ಹೊರಗೇ ಉಳಿಯಬಹುದೆಂಬ ಕೊರತೆ ಇದ್ದೇ ಇದೆ, ಅದನ್ನು ಫಿಡೆ ತಿದ್ದಬೇಕು. ಆದರೆ ಒಳಗೆ ಹೋದ ಮೇಲೆ 14 ಆಟಗಳನ್ನು ಆಡಬೇಕಾದವರು ಆಟಗಾರರೇ. ರೂಬಿನ್‌ಸ್ಟೈನ್‌ಗೆ ಆ 14 ಆಟಗಳೂ ಸಿಗಲಿಲ್ಲ.