ನಡುವಿನ ಖಾಲಿ ಜಾಗದ ದನಿ

ಶಿಗ್ಗಾಂವಿ ಸೀಮೆಯ ಭಜನೆ ಮೇಳದಲ್ಲಿ ಕಣ್ಣು ಮುಚ್ಚಿ ಕುಳಿತರೂ ತಾಳ ಯಾವ ಬದಿ, ದಮ್ಮಡಿ ಯಾವ ಮೂಲೆ, ಪೇಟಿ ಎಷ್ಟು ದೂರ ಎಂದು ಬೆರಳು ಮಾಡಿ ತೋರಿಸಬಹುದು. ಶಿಶುನಾಳ ಶರೀಫರ ಪದಗಳನ್ನು ನಾನು ಕೇಳಿದ್ದು ಹೀಗೆ, ಎದುರುಬದುರು ಕುಳಿತ ಎರಡು ಸಾಲಿನ ನಡುವೆ. ಅವೇ ಪದಗಳು ಒಂಟಿ ಸ್ಪೀಕರಿನಲ್ಲಿ ಬಂದರೆ ಇಡೀ ಮೇಳ ಒಂದೇ ಕಿಂಡಿಯಲ್ಲಿ ತೂರಿ ಬಂದಂತಿರುತ್ತದೆ. ಯಾರು ಎಲ್ಲಿ ಕುಳಿತಿದ್ದರೆಂಬುದನ್ನೂ ಮನೆಯೊಳಗೆ ತರುವ ವಿದ್ಯೆಯೇ ಸ್ಟೀರಿಯೊ.

ಗುಟ್ಟು ಇರುವುದು ನಮ್ಮ ತಲೆಯಲ್ಲೇ. ಎಡಗಡೆ ತಾಳ ಬಡಿದರೆ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತದೆ, ಬಲಗಿವಿಗೆ ಆಮೇಲೆ. ಅಂತರ ಹೆಚ್ಚೆಂದರೆ 0.7 ಮಿಲಿಸೆಕೆಂಡ್. ತಾಳದಂಥ ಚೂಪು ಸದ್ದಿಗೆ ತಲೆಯೇ ಅಡ್ಡವಾಗುವುದರಿಂದ ಬಲಗಿವಿಗೆ ಕೊಂಚ ಮೆಲ್ಲಗೂ ಕೇಳುತ್ತದೆ. ಮಿದುಳು ಇಷ್ಟರಿಂದಲೇ ದಿಕ್ಕು ಹಿಡಿಯುತ್ತದೆ. ಎರಡು ಸ್ಪೀಕರುಗಳು ಒಂದೇ ದನಿಯನ್ನು ಸಮಸಮ ನುಡಿದರೆ ಎರಡೂ ಕಿವಿಗೆ ಒಂದೇ ಸುದ್ದಿ. ಆಗ ದನಿ ನಡುವಿನ ಖಾಲಿ ಜಾಗದಲ್ಲಿ ಬಂದು ನಿಲ್ಲುತ್ತದೆ. ಎಡದ್ದನ್ನು ತುಸು ಜೋರು ಮಾಡಿ, ಹಾಡುವವರು ಎಡಕ್ಕೆ ಸರಿಯುತ್ತಾರೆ.

ಸಿನಿಮಾದಲ್ಲಿ ನಟ ಪರದೆಯ ಆ ತುದಿಗೆ ನಡೆದರೂ ಮಾತು ಇದ್ದಲ್ಲೇ ಇರುತ್ತದಲ್ಲ ಎಂಬ ಅಸಮಾಧಾನದಿಂದ ಈ ದಾರಿ ಹುಡುಕಿದವರು ಲಂಡನ್ನಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್. 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಾಗ ಅವರಿದ್ದದ್ದು ಇಎಂಐ ಕಂಪನಿಯಲ್ಲಿ. ಹಾನಗಲ್ಲಿನ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಗಂಗೂಬಾಯಿಯವರ ದನಿಯನ್ನು ‘ಗಾಂಧಾರಿ’ ಎಂಬ ಹೆಸರಿನಲ್ಲಿ ತಟ್ಟೆಗಿಳಿಸಿದ ಎಚ್‌ಎಂವಿಯೂ ಅದೇ ಬಳಗದ್ದು, ಅದೂ ಅದೇ ದಶಕದಲ್ಲಿ. ಆದರೂ ಆ ತಟ್ಟೆಗಳು ಮೋನೊ. ಸ್ಟೀರಿಯೊ ತಟ್ಟೆಗಳು ಅಂಗಡಿ ತುಂಬಲು 1958 ಬರಬೇಕಾಯಿತು. ಬ್ಲೂಮ್ಲೈನ್ 1942ರಲ್ಲೇ, ರೇಡಾರ್ ಪರೀಕ್ಷೆಯ ವಿಮಾನ ಬಿದ್ದು ತೀರಿಕೊಂಡಿದ್ದರು. ನನಗಿದು ಈಗಲೂ ಸಂಕಟ ತರುವ ಸಂಗತಿ.

ಒಂದು ಬಾಕ್ಸ್ ಕಪಾಟಿನ ಮೇಲೆ, ಇನ್ನೊಂದು ಟಿವಿಯ ಹಿಂದೆ ಇಡುವುದು ನಮ್ಮಲ್ಲಿ ರೂಢಿ. ಅದನ್ನು ತಿದ್ದಲು ಒಂದು ದಾರ ಸಾಕು. ಬಾಕ್ಸುಗಳ ನಡುವೆ ಆರೇಳು ಅಡಿ. ಕುಳಿತವರಿಂದ ಪ್ರತಿ ಬಾಕ್ಸಿಗೂ ಅಷ್ಟೇ ಅಡಿ. ಒಂದು ಮೊಳ ಬಲಕ್ಕೆ ಸರಿದರೂ ಆ ಬದಿಯ ಸದ್ದು ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಮುಂಚೆ ಬಂದು, ನಡುವೆ ನಿಂತಿದ್ದ ಗಾಯಕಿ ಬಲಗಡೆಯ ಬಾಕ್ಸಿನೊಳಗೆ ಹೊಕ್ಕುಬಿಡುತ್ತಾರೆ. ಮೊದಲು ಬಂದವನ ಮಾತನ್ನೇ ಕಿವಿ ನಂಬುವುದು. ಒಂದು ಬಾಕ್ಸಿಗೆ ಕೆಂಪು, ಕಪ್ಪು ವೈರು ಅದಲುಬದಲಾದರಂತೂ ದನಿಗೆ ನೆಲೆಯೇ ಇಲ್ಲ. ತಬಲಾದ ಡಗ್ಗಾ ಕೂಡ ಬಡಕಲಾಗುತ್ತದೆ.

ಇನ್ನು ಕೋಣೆ. ಹಾನಗಲ್, ಹಿರೇಕೆರೂರು ಕಡೆಯ ಹಳೆಯ ಮನೆಗಳ ಮಣ್ಣಿನ ಗೋಡೆ, ಪೇರಿಸಿಟ್ಟ ಕಾಳಿನ ಚೀಲ, ಮಡಚಿಟ್ಟ ಹಾಸಿಗೆ ಸದ್ದನ್ನು ಹೀರುತ್ತಿದ್ದವು, ಚದುರಿಸುತ್ತಿದ್ದವು. ಈಗಿನ ಹಾಲಿನಲ್ಲಿ ಬೋಳು ಸಿಮೆಂಟು ಗೋಡೆ, ನುಣುಪು ಟೈಲ್ಸ್. ಚಪ್ಪಾಳೆ ತಟ್ಟಿದರೆ ಗಣಗಣ ಎನ್ನುತ್ತದೆ.

ಸವಣೂರಿನಲ್ಲಿ ನಮ್ಮ ಅತ್ತೆಯ ಹೊಸ ಮನೆಯಲ್ಲಿ ಆದದ್ದೂ ಅದೇ. ನಾನು ಕುಳಿತಲ್ಲೇ ಕುಳಿತು, ಅವರ ಮಗನಿಗೆ ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲು ಹೇಳಿದೆ. ಕನ್ನಡಿಯಲ್ಲಿ ಬಾಕ್ಸ್ ಕಂಡಲ್ಲೇ ಸದ್ದು ಗೋಡೆಗೆ ಬಡಿದು ನನ್ನ ಕಡೆ ತಿರುಗುತ್ತದೆ. ಎರಡೂ ಬದಿ ಆ ಜಾಗ ಗುರುತಿಸಿ, ಅತ್ತೆ ಹೊಲಿದ ದಪ್ಪನೆಯ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದೆವು. ಗಂಗೂಬಾಯಿಯವರ ಹಳೆಯ ಮೋನೊ ಮುದ್ರಿಕೆ ಹಚ್ಚಿದೆ. ಹೊಗೆಯಂತೆ ಹರಡಿದ್ದ ದನಿ ಒಟ್ಟುಗೂಡಿ, ಎರಡು ಬಾಕ್ಸುಗಳ ನಟ್ಟನಡುವೆ, ಕಿಟಕಿಯ ಪರದೆಯ ಮುಂದೆ ನಿಂತಿತು.

‘ನಡುವ ಇನ್ನೊಂದು ಬಾಕ್ಸ್ ಇಟ್ಟೀಯೇನೋ ತಮ್ಮಾ?’ ಎಂದರು ಅತ್ತೆ. ಇಲ್ಲವೆಂದರೂ ನಂಬದೆ ಎದ್ದು ಹೋಗಿ ಪರದೆ ಸರಿಸಿದರು. ಹೊರಗೆ ಬಾಳೆಗಿಡವಿತ್ತು.