ಗಲ್ಲಾಪೆಟ್ಟಿಗೆಯಾಚೆಯ ಲೆಕ್ಕ: ಗಣಿಸೀಮೆಯ ಕುಟುಂಬದ ಹೋಟೆಲುಗಳು

ಕೋಲಾರದ ಚಿನ್ನದ ಗಣಿಗಳಲ್ಲಿ 1880ರಿಂದ ದೊಡ್ಡ ಪ್ರಮಾಣದ ಕೆಲಸ ಆರಂಭವಾದ ಮೇಲೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಅಂಗಡಿಸಾಲುಗಳು ಗಣಿಯ ಪಾಳಿ ಮತ್ತು ಸಂಬಳದ ದಿನಗಳನ್ನು ನೆಚ್ಚಿಕೊಂಡು ಬೆಳೆದವು. 2001ರ ಫೆಬ್ರುವರಿ 28ರಂದು ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ಆ ಆಸರೆ ತಪ್ಪಿತು. ಇಂದು ಈ ಸೀಮೆಯ ಸಾವಿರಾರು ಜನ ನಸುಕಿನಲ್ಲೇ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವುದರಿಂದ, ಇಲ್ಲಿನ ಪುಟ್ಟ ಹೋಟೆಲಿನ ವ್ಯಾಪಾರ ರೈಲಿನ ವೇಳೆಗೆ ಹೊಂದಿಕೊಳ್ಳಬೇಕಾಗಿದೆ. ಇಂಥ ಹೋಟೆಲು ಬೆಳೆಯಬೇಕೆಂದಾಗ ಹೊರಗಿನ ತಜ್ಞರ ಸಲಹೆ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಮನೆಮಂದಿಯೇ ನಡೆಸುವ ಹೋಟೆಲಿನಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಸಿಗದೆ ಉಳಿಯುವುದು ಮನೆಮಂದಿಯ ದುಡಿಮೆಯೇ. ಉದಾಹರಣೆಗೆ, ದಿನಕ್ಕೆ 8,000 ರೂಪಾಯಿ ವ್ಯಾಪಾರವಾಗಿ, ಸಾಮಾನು, ಗ್ಯಾಸ್, ಕರೆಂಟು, ಆಳಿನ ಕೂಲಿಗೆ 6,000 ರೂಪಾಯಿ ಹೋದರೆ ಗಲ್ಲಾಪೆಟ್ಟಿಗೆಯಲ್ಲಿ ಉಳಿದ 2,000 ರೂಪಾಯಿ ಲಾಭವೆಂದೇ ತೋರುತ್ತದೆ. ಆದರೆ ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿದ ಗಂಡ, ಹೆಂಡತಿ, ಮಗ, ಸೊಸೆ ನಾಲ್ವರಿಗೂ ತಲಾ 500 ರೂಪಾಯಿ ಕೂಲಿ ಹಿಡಿದರೆ ಆ ಲಾಭ ಅಲ್ಲಿಗೇ ಮುಗಿಯುತ್ತದೆ, ಸ್ವಂತ ಮಳಿಗೆಗೆ ಬರಬಹುದಾಗಿದ್ದ ಬಾಡಿಗೆಯನ್ನೂ ಸೇರಿಸಿದರೆ ನಷ್ಟವೇ ಕಾಣುತ್ತದೆ. ಇದನ್ನು ಅರಿಯದೆ ಸಾಲ ಮಾಡಿ ಎರಡನೆಯ ಶಾಖೆ ತೆರೆದಾಗ ಅಲ್ಲಿ ಕೂಲಿಯನ್ನೂ ಬಾಡಿಗೆಯನ್ನೂ ಕೈಯಿಂದಲೇ ಕೊಡಬೇಕಾಗಿ ಬರುವುದರಿಂದ, ಮೊದಲ ಹೋಟೆಲಿನ ದುಡಿಮೆ ಎರಡನೆಯದರ ಸಾಲ ತೀರಿಸಲು ಹೋಗುತ್ತದೆ. ಆದ್ದರಿಂದ ಹೋಟೆಲಿಗೆ ಕರೆಯಬೇಕಾದ ಮೊದಲ ಸಲಹೆಗಾರ ಒಳಾಂಗಣ ಚಂದಗೊಳಿಸುವವನಲ್ಲ, ಲೆಕ್ಕ ಬಲ್ಲವನು. ಪ್ರತಿ ತಿನಿಸಿಗೂ ತಗಲುವ ವೆಚ್ಚವನ್ನು ಬೇರೆಬೇರೆಯಾಗಿ ಬರೆದಿಡುವುದು ಟೊಮೆಟೊ ಬೆಲೆ ವಾರವಾರಕ್ಕೂ ಏರಿಳಿಯುವ ಕೋಲಾರ ಜಿಲ್ಲೆಯಲ್ಲಂತೂ ಅತ್ಯಗತ್ಯ.

ಎರಡನೆಯ ನೆರವು ಆಹಾರ ಸುರಕ್ಷತೆಯದು. ಬಣ್ಣವಿಲ್ಲದ ತಿಳಿನೀರಿನಲ್ಲೇ ಖಾರ, ಹುಳಿ ತುಂಬಿಕೊಡುವ ಬಂಗಾರಪೇಟೆಯ ಪಾನಿಪುರಿಗೆ ನೀರೇ ಜೀವ. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಈ ಜಿಲ್ಲೆಯಲ್ಲಿ ಆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಗಿರಾಕಿಗೆ ಸಲ್ಲಿಸಬೇಕಾದ ಮೊದಲ ಋಣ. ಪೂರಿ ಕರಿಯುವ ಎಣ್ಣೆಯೂ ಹಾಗೆಯೇ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಒಡೆದು ಹುಟ್ಟುವ, ಒಟ್ಟು ಧ್ರುವೀಯ ಸಂಯುಕ್ತಗಳೆಂದು ಕರೆಯಲಾಗುವ ವಸ್ತುಗಳ ಪ್ರಮಾಣ ಶೇಕಡ 25 ದಾಟಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಬಾಣಲಿಯ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆಯುಕ್ಕುವುದನ್ನು ಅನುಭವಸ್ಥರು ಕಣ್ಣಳತೆಯಲ್ಲೇ ಗುರುತಿಸುತ್ತಾರೆ. ಈ ಸಂಯುಕ್ತಗಳ ಪ್ರಮಾಣವನ್ನು ಅಂಕಿಯಲ್ಲಿ ತೋರಿಸುವ ಕೈಮಾಪಕವೂ ಮಾರುಕಟ್ಟೆಯಲ್ಲಿದೆ.

ಹೊರಗಿನ ತಿಳಿವಳಿಕೆಯನ್ನು ಪಡೆದು ರುಚಿಯನ್ನು ಕೈಬಿಡದ ನಿದರ್ಶನ ಕರ್ನಾಟಕದಲ್ಲೇ ಇದೆ. ಬೆಂಗಳೂರಿನಲ್ಲಿ 1924ರಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು ಆರಂಭಿಸಿದ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಹೋಟೆಲುಗಳನ್ನು ನೋಡಿಬಂದು, ಅಲ್ಲಿನ ಶುಚಿತ್ವದ ಕ್ರಮಗಳನ್ನು ತಮ್ಮ ಅಡುಗೆಮನೆಗೆ ತಂದರು. ತಿನಿಸುಗಳು ಮಾತ್ರ ಕನ್ನಡ ನಾಡಿನವೇ ಆಗಿ ಉಳಿದವು. ಮಯ್ಯ ಕುಟುಂಬದ ಸಿದ್ಧ ಆಹಾರದ ವಹಿವಾಟನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡರೂ ಹೋಟೆಲು ಕುಟುಂಬದ ಬಳಿಯೇ ಉಳಿಯಿತು. ಯಾವುದನ್ನು ಮಾರಬಹುದು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಈ ವಿವೇಚನೆ ಮೆಚ್ಚತಕ್ಕದ್ದು.

ಹೆಸರಿನ ವಿಷಯದಲ್ಲಿ ಬಂಗಾರಪೇಟೆಯವರಿಗೆ ಬೇರೊಂದು ತೊಡಕಿದೆ. ಬೆಂಗಳೂರಿನ ಬೀದಿಬೀದಿಗಳಲ್ಲಿ ಅವರ ಊರಿನ ಹೆಸರು ಹೊತ್ತ ಚಾಟ್ ಅಂಗಡಿಗಳಿವೆ. ಬರಿಯ ಊರ ಹೆಸರನ್ನು ಒಬ್ಬರ ಸ್ವತ್ತಾಗಿಸಲು 1999ರ ವ್ಯಾಪಾರ ಮುದ್ರೆ ಕಾಯ್ದೆ ಸಾಮಾನ್ಯವಾಗಿ ಎಡೆಗೊಡುವುದಿಲ್ಲ. ಆದುದರಿಂದ ಮನೆತನದ ಅಥವಾ ಅಂಗಡಿಯ ಸ್ವಂತ ಹೆಸರನ್ನು ನೋಂದಾಯಿಸಿಕೊಳ್ಳುವುದು ವಕೀಲರ ಸಣ್ಣ ಶುಲ್ಕಕ್ಕೆ ದೊರೆಯುವ ದೊಡ್ಡ ರಕ್ಷಣೆ.

ಎಲ್ಲ ಸಲಹೆಗೂ ದುಬಾರಿ ಬೆಲೆ ತೆರಬೇಕಾಗಿಲ್ಲ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಆಹಾರ ತಂತ್ರಜ್ಞಾನದ ತರಬೇತಿ ನೀಡುತ್ತದೆ. ಚಟ್ನಿಪುಡಿ, ಸಾಂಬಾರುಪುಡಿಗಳನ್ನು ಕಟ್ಟಿ ಮಾರಬಯಸುವ ಹೋಟೆಲಿನವರಿಗಾದರೆ, ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ವೆಚ್ಚದ ಶೇಕಡ 35, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ಸಹಾಯಧನವನ್ನು ಗೊತ್ತುಪಡಿಸಲಾಗಿತ್ತು. ಅರ್ಜಿ, ಯೋಜನಾ ವರದಿಗಳನ್ನು ಸಿದ್ಧಪಡಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನೂ ನೇಮಿಸಲಾಗಿತ್ತು. ಅಡುಗೆಯ ಹದವನ್ನು ಮನೆಯವರೇ ಕಾಯ್ದುಕೊಳ್ಳಲಿ. ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಮಾತ್ರ ಒಂದು ವರ್ಷದ ಲೆಕ್ಕವನ್ನು, ಮನೆಮಂದಿಯ ಕೂಲಿಯನ್ನೂ ಸೇರಿಸಿ, ಹೊರಗಿನವರೊಬ್ಬರ ಮುಂದೆ ತೆರೆದಿಡಲಿ.