ರಕ್ತ ರಕ್ತವನ್ನು ಒಪ್ಪುವ ಹೊತ್ತು

ಬೆಳಗಿನ ಜಾವಕ್ಕೆಲ್ಲ ಅಂತರಸನಹಳ್ಳಿ ಎದ್ದು ಕೂತಿರುತ್ತದೆ. ತುಮಕೂರಿನಿಂದ ಶಿರಾ ಕಡೆಗೆ ಹೊರಟರೆ ಹೆದ್ದಾರಿಯ ಮಗ್ಗುಲಲ್ಲೇ ತರಕಾರಿ ಮಾರುಕಟ್ಟೆ. ಟೆಂಪೊಗಳಿಂದ ಟೊಮೆಟೊ ಕ್ರೇಟು, ಬೀನ್ಸ್ ಮೂಟೆ, ಕೋಸು ಇಳಿಯುತ್ತಿರುತ್ತವೆ. ಹಮಾಲರು ‘ದಾರಿ, ದಾರಿ’ ಅಂತ ಕೂಗುತ್ತ ತಲೆ ಮೇಲೆ ಮೂಟೆ ಹೊತ್ತು ನುಗ್ಗುತ್ತಾರೆ. ಅತ್ತ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿದ ಹುಡುಗರು ಟೀ ಅಂಗಡಿ ಮುಂದೆ ನಿಂತು ಆಕಳಿಸುತ್ತಾರೆ. ಪಕ್ಕದಲ್ಲೇ 48ನೇ ರಾಷ್ಟ್ರೀಯ ಹೆದ್ದಾರಿ. ಪುಣೆಯ ಲಾರಿ, ಬೆಂಗಳೂರಿನ ಬಸ್ಸು, ಸೊಪ್ಪಿನ ಕಟ್ಟು ಹೇರಿಕೊಂಡ ಟಿವಿಎಸ್ ಎಲ್ಲಕ್ಕೂ ಅದೇ ದಾರಿ. ಭಾರ, ಯಂತ್ರ, ವೇಗ ಮೂರೂ ಒಟ್ಟಿಗಿರುವ ಇಂಥ ಕಡೆ ರಕ್ತದ ಮಾತು ಬರುತ್ತಲೇ ಇರುತ್ತದೆ. ಟೀ ಲೋಟ ಹಿಡಿದವರ ಮೊಬೈಲಿಗೆ ವಾಟ್ಸ್‌ಆ್ಯಪ್ ಸಂದೇಶ ಬಂದು ಬೀಳುತ್ತದೆ: ‘ಬಿ ಪಾಸಿಟಿವ್ ಅರ್ಜೆಂಟ್ ಬೇಕು, ಎರಡು ಯೂನಿಟ್.’ ಒಬ್ಬರಲ್ಲ ಒಬ್ಬರು ಲೋಟ ಕೆಳಗಿಟ್ಟು ಬೈಕು ಹತ್ತುತ್ತಾರೆ.

ಹಾಗೆ ಹತ್ತಿದವರು ಬಂದು ನಿಲ್ಲುವುದು ಊರಿನ ಯಾವುದೋ ರಕ್ತನಿಧಿಯ ಕಿಟಕಿಯ ಮುಂದೆ. ನಾನು ಕೂತು ನೋಡಿದ ಕಿಟಕಿಯಲ್ಲಿ ಅಂದು ಬೆಳಿಗ್ಗೆ ನಿಂತಿದ್ದವನ ಅಂಗಿಯ ಮೇಲೆ ಇನ್ನೂ ಕ್ರೇಟಿನ ಮಣ್ಣಿತ್ತು. ಅವನ ಅತ್ತಿಗೆಗೆ ಹೆರಿಗೆಯಾಗಿ ರಕ್ತಸ್ರಾವ ನಿಂತಿರಲಿಲ್ಲ.

‘ಮೇಡಂ, ನಂದೂ ಬಿ ಪಾಸಿಟಿವ್, ನಮ್ಮ ಅತ್ತಿಗೇದೂ ಬಿ ಪಾಸಿಟಿವ್. ತೆಗ್ದು ಹಾಕಿ, ಇನ್ನೇನು ಟೆಸ್ಟು?’

‘ಅಣ್ಣ, ಗ್ರೂಪ್ ಒಂದೇ ಇದ್ರೆ ಸಾಲಲ್ಲ. ಕ್ರಾಸ್ ಮ್ಯಾಚ್ ಆಗ್ಬೇಕು. ಒಂದು ಗಂಟೆ ಹಿಡಿಯುತ್ತೆ, ಕೂತ್ಕೊಳ್ಳಿ.’

‘ಒಂದು ಗಂಟೇನಾ? ಅಲ್ಲಿ ಹೆಂಗಸು ಒದ್ದಾಡ್ತಾ ಅವ್ಳೆ!’

ಕಿಟಕಿಯಾಚೆಯ ಟೆಕ್ನಿಷಿಯನ್ ಮರುಮಾತಾಡಲಿಲ್ಲ. ಆಗಲೇ ಅವರ ಕೈ ಕೆಲಸ ಶುರು ಮಾಡಿತ್ತು. ರಕ್ತನಿಧಿಯ ಹೊರಗೆ ಬೆಂಚಿನ ಮೇಲೆ ಕೂತವರ ಸಿಟ್ಟು, ದುಃಖ, ಪ್ರಾರ್ಥನೆ ಎಲ್ಲ ಸುತ್ತುವುದು ಈ ಒಂದು ಗಂಟೆಯ ಸುತ್ತಲೇ. ಆ ಗಂಟೆಯಲ್ಲಿ ಒಳಗೆ ಏನಾಗುತ್ತದೆ ಎಂದು ಗೊತ್ತಾದರೆ ಬೆಂಚಿನ ಮೇಲೆ ಕೂರುವುದು ಸ್ವಲ್ಪ ಸುಲಭವಾದೀತು.

ಮೊದಲಿಗೆ, ಆ ಹುಡುಗ ಕೊಡುವ ರಕ್ತ ನೇರವಾಗಿ ಅತ್ತಿಗೆಯ ಹಾಸಿಗೆಗೆ ಹೋಗುವುದಿಲ್ಲ. ಅದಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗಬೇಕು. ಅವಳಿಗೆ ಹೋಗುವುದು ಈಗಾಗಲೇ ಈ ಪರೀಕ್ಷೆಗಳನ್ನೆಲ್ಲ ದಾಟಿ, 2ರಿಂದ 6 ಡಿಗ್ರಿ ತಂಪಿನ ಫ್ರಿಜ್ಜಿನಲ್ಲಿ ಕಾದಿರುವ, ಯಾರೋ ಹಿಂದೆಂದೋ ಕೊಟ್ಟ ಕೆಂಪು ಕಣಗಳ ಚೀಲ. ಇವನು ಕೊಟ್ಟದ್ದು ನಾಳೆ ನಾಳಿದ್ದು ಇನ್ನಾರಿಗೋ.

ಅಂಥ ಒಂದು ಚೀಲ ಫ್ರಿಜ್ಜಿನಿಂದ ಹೊರಗೆ ಬಂತು. ಚೀಲಕ್ಕೆ ಉದ್ದನೆಯ ಕೊಳವೆಯ ಬಾಲವಿರುತ್ತದೆ. ಅದನ್ನು ಅಲ್ಲಲ್ಲಿ ಬೆಸೆದು ಸಣ್ಣ ತುಂಡು ಮಾಡಿರುತ್ತಾರೆ. ಆ ತುಂಡಿಗೆ ಇಲ್ಲಿಯವರ ಬಾಯಲ್ಲಿ ‘ಸೆಗ್ಮೆಂಟ್’ ಎಂದೇ ಹೆಸರು. ಅದರೊಳಗಿರುವುದು ಚೀಲದೊಳಗಿನ ರಕ್ತವೇ, ಹಾಗಾಗಿ ಚೀಲಕ್ಕೆ ಸೂಜಿ ತಾಗಿಸುವ ಅಗತ್ಯವಿಲ್ಲ. ಕೊಳವೆಯ ಮೈಮೇಲೆ ಅಚ್ಚಾದ ಅಂಕಿಯನ್ನು ರಿಜಿಸ್ಟರಿಗೆ ತಾಳೆ ನೋಡಿ, ಟೆಕ್ನಿಷಿಯನ್ ಒಂದು ಸೆಗ್ಮೆಂಟ್ ಕತ್ತರಿಸಿಕೊಂಡರು.

ರೋಗಿಯ ಕಡೆಯಿಂದ ಬಂದ ಗಾಜಿನ ಕೊಳವೆಯನ್ನು ಅಷ್ಟರಲ್ಲಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಆಗಿತ್ತು. ಕೆಂಪು ಕಣ ತಳಕ್ಕಿಳಿದು, ಮೇಲೆ ಹುಲ್ಲುಬಣ್ಣದ ಪ್ಲಾಸ್ಮಾ ತೇಲುತ್ತಿತ್ತು. ಮೊದಲು ಗುಂಪಿನ ಪರೀಕ್ಷೆ. ನೀಲಿ ಬಣ್ಣದ ಆ್ಯಂಟಿ ಎ, ಹಳದಿಯ ಆ್ಯಂಟಿ ಬಿ, ಬಣ್ಣವಿಲ್ಲದ ಆ್ಯಂಟಿ ಡಿ ಹನಿಗಳ ಜತೆ ರೋಗಿಯ ಕೆಂಪು ಕಣ ಬೆರೆಸಿದರು. ಬಿ ಹನಿಯಲ್ಲಿ ರಕ್ತ ಒಡೆದ ಹಾಲಿನ ಹಾಗೆ ಗರಣೆಗರಣೆಯಾಯಿತು. ಡಿ ಹನಿಯಲ್ಲೂ ಹಾಗೇ. ಎ ಹನಿಯಲ್ಲಿ ಮಾತ್ರ ನಯವಾಗಿ ಹಾಗೇ ಉಳಿಯಿತು. ಬಿ ಪಾಸಿಟಿವ್. ಅಷ್ಟಕ್ಕೇ ಬಿಡದೆ ಉಲ್ಟಾ ಪರೀಕ್ಷೆಯನ್ನೂ ಮಾಡಿದರು. ಈ ಸಲ ರೋಗಿಯ ಪ್ಲಾಸ್ಮಾವನ್ನು ಗೊತ್ತಿರುವ ಎ ಕಣ, ಬಿ ಕಣಗಳಿಗೆ ಬೆರೆಸಿ ನೋಡುವುದು. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಆ ಮುಂದಿನ ಹೆಜ್ಜೆಯೇ ಕ್ರಾಸ್ ಮ್ಯಾಚ್. ಆರು ಸಣ್ಣ ಕೊಳವೆಗಳಿರುವ ಒಂದು ಪ್ಲಾಸ್ಟಿಕ್ ಕಾರ್ಡು, ಕೊಳವೆಗಳೊಳಗೆ ಜೆಲ್. ಅದರ ಒಂದು ಕೊಳವೆಗೆ ದಾನಿಯ ಕೆಂಪು ಕಣದ ತೆಳು ದ್ರಾವಣ 50 ಮೈಕ್ರೊಲೀಟರ್, ರೋಗಿಯ ಪ್ಲಾಸ್ಮಾ 25 ಮೈಕ್ರೊಲೀಟರ್. ಎರಡೂ ಸೇರಿದರೂ ಒಂದು ಮಿಲಿಲೀಟರಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಕಾರ್ಡನ್ನು ಮೈಯ ಬಿಸಿಯಷ್ಟೇ ಇರುವ 37 ಡಿಗ್ರಿಯಲ್ಲಿ ಹದಿನೈದು ನಿಮಿಷ ಇಟ್ಟು, ಆಮೇಲೆ ಹತ್ತು ನಿಮಿಷ ತಿರುಗಿಸುತ್ತಾರೆ. ದೇಹದೊಳಗೆ ನಡೆಯಬಹುದಾದ ಜಗಳ ಮೊದಲು ಇಲ್ಲಿ, ಯಾರಿಗೂ ನೋವಾಗದ ಕಡೆ ನಡೆದುಹೋಗಲಿ ಎಂಬುದೇ ಇದರ ಉದ್ದೇಶ. ಜಗಳವಿಲ್ಲದಿದ್ದರೆ ಕಣಗಳು ಬಿಡಿಬಿಡಿಯಾಗಿ ಜೆಲ್ ದಾಟಿ ಕೊಳವೆಯ ತಳದಲ್ಲಿ ಪುಟ್ಟ ಕೆಂಪು ಚುಕ್ಕೆಯಾಗಿ ಕೂರುತ್ತವೆ. ರೋಗಿಯ ಪ್ಲಾಸ್ಮಾದಲ್ಲಿ ಆ ಕಣಗಳ ವಿರುದ್ಧ ಪ್ರತಿಕಾಯವಿದ್ದರೆ ಕಣಗಳು ಒಂದಕ್ಕೊಂದು ಅಂಟಿ, ಜೆಲ್ಲಿನೊಳಗೆ ನುಸುಳಲಾರದೆ ಮೇಲೆಯೇ ಕೆಂಪು ಗೆರೆಯಾಗಿ ನಿಲ್ಲುತ್ತವೆ. ಟೆಕ್ನಿಷಿಯನ್ ಕಾರ್ಡನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು. ತಳದಲ್ಲಿ ಚುಕ್ಕೆ. ‘ಕಂಪಾಟಿಬಲ್’ ಎಂದು ಬರೆದು ಸಹಿ ಹಾಕಿದರು.

ಒಂದೇ ಗುಂಪಿನ ರಕ್ತಕ್ಕೆ ಇಷ್ಟೆಲ್ಲ ಯಾಕೆ? ಎ, ಬಿ, ಒ ಗುಂಪುಗಳನ್ನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಗುರುತಿಸಿದರು. ಅದಕ್ಕೂ ಮುಂಚೆ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಟ್ಟಾಗ ಒಬ್ಬರು ಬದುಕಿ ಇನ್ನೊಬ್ಬರು ಸಾಯುತ್ತಿದ್ದದ್ದಕ್ಕೆ ಕಾರಣ ಗೊತ್ತಿರಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ರೂಬೆನ್ ಆಟೆನ್‌ಬರ್ಗ್ ರಕ್ತ ಕೊಡುವ ಮುಂಚೆ ಇಬ್ಬರದನ್ನೂ ಹೊರಗೇ ಬೆರೆಸಿ ನೋಡುವ ಕ್ರಮ ತಂದರು. ಪಾಸಿಟಿವ್, ನೆಗೆಟಿವ್ ಎಂದು ಹೇಳಿಸುವ ಆರ್‌ಎಚ್ ಬೆಳಕಿಗೆ ಬಂದದ್ದು 1940ರಲ್ಲಿ. ಆದರೆ ಕೆಂಪು ಕಣದ ಮೈಮೇಲಿನ ಗುರುತುಗಳು ಇವಿಷ್ಟೇ ಅಲ್ಲ. ಕೆಲ್, ಡಫ್ಫಿ, ಕಿಡ್ ಹೀಗೆ ನೂರಾರಿವೆ. ಕಿಟಕಿಯ ಮುಂದೆ ನಾವು ಹೇಳುವ ‘ಬಿ ಪಾಸಿಟಿವ್’ ಅವುಗಳಲ್ಲಿ ಎರಡನ್ನು ಮಾತ್ರ ಹೇಳುತ್ತದೆ.

ಉಳಿದ ಗುರುತುಗಳ ವಿರುದ್ಧ ಪ್ರತಿಕಾಯ ಸಾಮಾನ್ಯವಾಗಿ ಹುಟ್ಟಿನಿಂದ ಬಂದಿರುವುದಿಲ್ಲ. ಹಿಂದೊಮ್ಮೆ ರಕ್ತ ಹಾಕಿಸಿಕೊಂಡಾಗ, ಇಲ್ಲವೇ ಬಸಿರಿನಲ್ಲಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ತಾಗಿದಾಗ ದೇಹ ಅದನ್ನು ಕಲಿಯುತ್ತದೆ. ಹಾಗಾಗಿ ನಾಲ್ಕು ಹೆತ್ತ ತಾಯಿಗೆ, ತಿಂಗಳು ತಿಂಗಳೂ ರಕ್ತ ಪಡೆಯುವ ಥಲಸ್ಸೀಮಿಯಾದ ಮಗುವಿಗೆ ಹೊಂದುವ ರಕ್ತ ಹುಡುಕುವುದು ಕಷ್ಟ. ಇಂಥ ಅನೇಕ ಪ್ರತಿಕಾಯಗಳು ಬರಿಯ ಉಪ್ಪುನೀರಿನ ದ್ರಾವಣದಲ್ಲಿ ಕಣಗಳನ್ನು ಅಂಟಿಸುವುದಿಲ್ಲ, ಸುಮ್ಮನೆ ಮೈಗೆ ಮೆತ್ತಿಕೊಂಡು ಅವಿತಿರುತ್ತವೆ. ಅವನ್ನು ಹೊರಗೆಳೆಯುವ ದಾರಿ ಹೊಳೆದದ್ದು ರಾಬಿನ್ ಕೂಂಬ್ಸ್ ಎಂಬ ಯುವಕನಿಗೆ, ಯುದ್ಧಕಾಲದ ಒಂದು ಸಂಜೆ ಲಂಡನ್ನಿನಿಂದ ಕೇಂಬ್ರಿಡ್ಜ್‌ಗೆ ಹೋಗುವ ಮಬ್ಬುಗತ್ತಲ ರೈಲಿನಲ್ಲಿ. 1945ರಲ್ಲಿ ಅವರೂ ಆರ್ಥರ್ ಮೌರಂಟ್ ಮತ್ತು ರಾಬರ್ಟ್ ರೇಸ್ ಅವರೂ ಸೇರಿ ಪ್ರಕಟಿಸಿದ ಆ ಪರೀಕ್ಷೆಯೇ ಇವತ್ತು ತುಮಕೂರಿನ ಜೆಲ್ ಕಾರ್ಡಿನೊಳಗೂ ಕೂತಿದೆ. ಜೆಲ್ಲಿಗೆ ಬೆರೆಸಿರುವುದು ಕೂಂಬ್ಸ್ ದ್ರಾವಣ.

ಗುಂಪು ಒಂದೇ ಆದರೂ ರಕ್ತ ಒಪ್ಪದೆ ಹೋಗಬಹುದು ಎನ್ನುವುದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಕೋಲಾರದ್ದೇ ಇದೆ. ಅಲ್ಲಿನ ಆರ್.ಎಲ್. ಜಾಲಪ್ಪ ಆಸ್ಪತ್ರೆಗೆ ಹೃದಯದ ಶಸ್ತ್ರಚಿಕಿತ್ಸೆಗೆಂದು ಒಬ್ಬ ಮಹಿಳೆ ದಾಖಲಾದರು. ಗುಂಪು ಒ ಪಾಸಿಟಿವ್. ಎಲ್ಲ ರಕ್ತನಿಧಿಗಳಲ್ಲೂ ಧಾರಾಳವಾಗಿ ಸಿಗುವ ಗುಂಪು. ಆದರೆ ಯಾವ ಒ ಪಾಸಿಟಿವ್ ಚೀಲವೂ ಹೊಂದಲಿಲ್ಲ. ಮಾದರಿ ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರಕ್ಕೆ ಬಂತು. ಅಲ್ಲಿಯೂ ಪರೀಕ್ಷೆಗೆಂದು ಇಟ್ಟ ಕಣಗಳೆಲ್ಲದರ ಜತೆಗೂ ಜಗಳ. ಮನೆಮಂದಿಯಲ್ಲಿ ಇಪ್ಪತ್ತು ಜನರ ರಕ್ತ ನೋಡಿದರು, ಒಬ್ಬರದೂ ಹೊಂದಲಿಲ್ಲ. ಕೊನೆಗೆ ವೈದ್ಯರು ಹೊರಗಿನ ರಕ್ತವನ್ನೇ ಕೊಡದೆ ಎಚ್ಚರದಿಂದ ಶಸ್ತ್ರಚಿಕಿತ್ಸೆ ಮುಗಿಸಿದರು. ಮಾದರಿಗಳು ಇಂಗ್ಲೆಂಡಿನ ಬ್ರಿಸ್ಟಲ್ ಪ್ರಯೋಗಾಲಯಕ್ಕೆ ಹೋದವು. ಹತ್ತು ತಿಂಗಳ ಹುಡುಕಾಟದ ನಂತರ ಗೊತ್ತಾದದ್ದು, ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಯಲ್ಲಿ ಅದುವರೆಗೆ ಯಾರೂ ಕಾಣದ ಹೊಸ ಗುರುತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ಸಮ್ಮೇಳನದಲ್ಲಿ ಅದನ್ನು ಪ್ರಕಟಿಸಿದರು. ಹೆಸರು ‘ಸಿಆರ್‌ಐಬಿ’. ಕ್ರೋಮರ್‌ನ ಸಿಆರ್, ಇಂಡಿಯಾದ ಐ, ಬೆಂಗಳೂರಿನ ಬಿ.

‘ಗ್ರೂಪ್ ಒಂದೇ ಅಲ್ವಾ’ ಎಂದು ಯಾರೋ ಆತುರಪಟ್ಟು ಚೀಲ ಏರಿಸಿದ್ದರೆ ಏನಾಗುತ್ತಿತ್ತು? ಆ ಮಹಿಳೆಯನ್ನು ಕಾಪಾಡಿದ ಮೊದಲ ಕೈ ಮಿಲಾನಿನದೂ ಅಲ್ಲ, ಬ್ರಿಸ್ಟಲ್ಲಿನದೂ ಅಲ್ಲ. ಕ್ರಾಸ್ ಮ್ಯಾಚ್‌ನಲ್ಲಿ ಹೊಂದದ್ದನ್ನು ಕಂಡು ‘ಇದನ್ನು ಕೊಡಬೇಡಿ’ ಎಂದ ಕೈ ಅದು. ನನಗೆ ಅದೇ ದೊಡ್ಡದು ಅನ್ನಿಸುತ್ತದೆ.

ಬಾಂಬೆ ಗುಂಪಿನದೂ ಇದೇ ಕಥೆ. 1952ರಲ್ಲಿ ಮುಂಬೈಯಲ್ಲಿ ಡಾ. ವೈ.ಎಂ. ಭೇಂಡೆ ಅವರು ಗುರುತಿಸಿದ ಈ ರಕ್ತ ಮೇಲ್ನೋಟದ ಪರೀಕ್ಷೆಗೆ ಒ ಎಂದೇ ಕಾಣುತ್ತದೆ. ಆದರೆ ಒ ರಕ್ತ ಕೊಟ್ಟರೆ ಪ್ರಾಣಕ್ಕೆ ಸಂಚಕಾರ. ಕರ್ನಾಟಕದಲ್ಲೂ ಈ ಗುಂಪಿನವರಿದ್ದಾರೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಇಂಥ ದಾನಿಗಳನ್ನು ರೋಗಿಗಳಿಗೆ ಹುಡುಕಿಕೊಡುವ ಕೆಲಸ ಮಾಡುತ್ತ ಬಂದಿದೆ.

ಹೆದ್ದಾರಿಯಲ್ಲಿ ಅಪಘಾತವಾಗಿ ರಕ್ತ ಸುರಿಯುತ್ತ ಬಂದವರಿಗೂ ಒಂದು ಗಂಟೆ ಕಾಯಿಸುತ್ತಾರಾ? ಇಲ್ಲ. ಕಾಯಲು ಹೊತ್ತಿಲ್ಲ ಎಂದು ವೈದ್ಯರು ಬರೆದು ಸಹಿ ಮಾಡಿದರೆ ಒ ಗುಂಪಿನ ಕೆಂಪು ಕಣಗಳನ್ನು ಮೊದಲು ಕೊಟ್ಟು, ಕ್ರಾಸ್ ಮ್ಯಾಚನ್ನು ಅದರ ಹಿಂದೆಯೇ ಮುಗಿಸುತ್ತಾರೆ. ಅದರಲ್ಲೂ ಒ ನೆಗೆಟಿವ್ ಸಿಗುವುದೇ ಕಷ್ಟ, ನಮ್ಮಲ್ಲಿ ನೆಗೆಟಿವ್ ರಕ್ತದವರು ನೂರಕ್ಕೆ ಐದರ ಆಸುಪಾಸು.

ಇಷ್ಟು ನಾಜೂಕಾದ ಪರೀಕ್ಷೆಗೂ ಕಾಣದ ತಪ್ಪು ಒಂದಿದೆ. ಕೊಳವೆಯ ಮೇಲೆ ತಪ್ಪು ಹೆಸರಿದ್ದರೆ ಜೆಲ್ ಕಾರ್ಡಿಗೆ ಅದು ಗೊತ್ತಾಗುವುದಿಲ್ಲ. ತಪ್ಪು ಮನುಷ್ಯರ ರಕ್ತಕ್ಕೆ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಹೆಂಗಸರ ಒಂದು ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಇಬ್ಬರು ರಂಗಮ್ಮ, ಒಬ್ಬರು ಸಿದ್ದಗಂಗಮ್ಮ, ಒಬ್ಬರು ಬರಿಯ ಗಂಗಮ್ಮ ಇರುವುದು ಮಾಮೂಲು. ಗಂಡಸರ ವಾರ್ಡಿಗೆ ಹೋದರೆ ಮಂಜುನಾಥ, ರಂಗಸ್ವಾಮಿಗಳು. ಅರೆಬರೆ ನಿದ್ದೆಯಲ್ಲಿರುವವರನ್ನು ‘ಲಕ್ಷ್ಮಮ್ಮ ನೀವೇನಾ?’ ಎಂದರೆ ಯಾರಾದರೂ ‘ಹ್ಞೂಂ’ ಎನ್ನುತ್ತಾರೆ. ಪಳಗಿದ ಸಿಸ್ಟರ್ ಹಾಗೆ ಕೇಳುವುದಿಲ್ಲ. ‘ನಿಮ್ಮ ಹೆಸರೇನಮ್ಮಾ? ಯಜಮಾನ್ರ ಹೆಸರೇನು? ಯಾವೂರು?’ ಎಂದು ಅವರ ಬಾಯಿಂದಲೇ ಹೇಳಿಸುತ್ತಾರೆ. ಹಾಸಿಗೆಯ ಪಕ್ಕದಲ್ಲೇ ನಿಂತು ಕೊಳವೆಗೆ ಹೆಸರು, ಒಳರೋಗಿ ಸಂಖ್ಯೆ ಬರೆಯುತ್ತಾರೆ. ನಾಲ್ಕು ಕೊಳವೆ ತುಂಬಿಸಿಕೊಂಡು ಟೇಬಲ್ಲಿಗೆ ಬಂದು ಆಮೇಲೆ ಹೆಸರು ಅಂಟಿಸುವ ಅಭ್ಯಾಸ ಪ್ರಾಣ ತೆಗೆಯಬಲ್ಲದು. ಲ್ಯಾಬಿನವರು ಹೆಸರಿನ ಒಂದಕ್ಷರ ತಪ್ಪಿದ್ದಕ್ಕೆ ಕೊಳವೆ ವಾಪಸು ಕಳಿಸಿದಾಗ ನಾವು ರೇಗುವುದು ನ್ಯಾಯವಲ್ಲ.

ಚೀಲ ಹಾಸಿಗೆಯ ಬಳಿಗೆ ಬಂದ ಮೇಲೂ ತಾಳೆ ನೋಡುವುದು ಮುಗಿಯುವುದಿಲ್ಲ. ಇಬ್ಬರು ಸೇರಿ ಚೀಲದ ಸಂಖ್ಯೆ, ಗುಂಪು, ಅವಧಿ ಮುಗಿಯುವ ದಿನ, ರೋಗಿಯ ಕೈಪಟ್ಟಿ ಓದಿ ಹೇಳುತ್ತಾರೆ. ರಕ್ತ ರಕ್ತನಿಧಿಯಿಂದ ಹೊರಬಿದ್ದ ಅರ್ಧ ಗಂಟೆಯೊಳಗೆ ಏರಿಸಲು ತೊಡಗಬೇಕು, ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮೊದಲ ಹದಿನೈದು ನಿಮಿಷ ಹನಿ ನಿಧಾನ, ಸಿಸ್ಟರ್ ಕಣ್ಣು ರೋಗಿಯ ಮೇಲೆ. ಚಳಿ ನಡುಕ, ಸೊಂಟದಲ್ಲಿ ಸೆಳೆತ, ಎದೆ ಬಿಗಿತ, ರಕ್ತ ಏರುವ ನರದಲ್ಲಿ ಉರಿ, ಕಪ್ಪಗಿನ ಮೂತ್ರ ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ನಿಲ್ಲಿಸಬೇಕು. ದಾನಿಯ ಮತ್ತು ರೋಗಿಯ ಮಾದರಿಗಳನ್ನು ರಕ್ತನಿಧಿಯವರು ಆಮೇಲೂ ಏಳು ದಿನ ತೆಗೆದಿಟ್ಟಿರುತ್ತಾರೆ. ತೊಂದರೆಯಾದರೆ ಮತ್ತೆ ಪರೀಕ್ಷಿಸಲು.

ಅಂದು ಆ ಹುಡುಗ ಐಸ್ ಬಾಕ್ಸ್ ಹಿಡಿದು ಓಡಿದ. ಅವನ ಹಿಂದೆ ಇನ್ನೊಬ್ಬರು ಚೀಟಿ ಹಿಡಿದು ಕಿಟಕಿಗೆ ಬಂದರು. ಮುಂದೊಂದು ದಿನ ಆ ಸಾಲಿನಲ್ಲಿ ನೀವೂ ನಿಲ್ಲಬೇಕಾಗಬಹುದು. ಆಗ ಇಷ್ಟನ್ನು ಮರೆಯಬೇಡಿ. ರೋಗಿಗೆ ಹಿಂದೆ ರಕ್ತ ಕೊಟ್ಟಿದ್ದಾರೆಯೇ, ಎಷ್ಟು ಸಲ ಬಸಿರಾಗಿದ್ದರು, ಗರ್ಭಪಾತವಾಗಿತ್ತೇ ಎಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ರಕ್ತ ತೆಗೆಯುವಾಗಲೂ ಏರಿಸುವಾಗಲೂ ನಿಮ್ಮವರ ಪೂರ್ತಿ ಹೆಸರನ್ನು ನೀವೇ ಮುಂದಾಗಿ ಹೇಳಿ, ಕೊಳವೆ ಮತ್ತು ಚೀಲದ ಮೇಲೆ ಅದನ್ನೇ ಬರೆದಿದ್ದಾರೆಯೇ ಎಂದು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಹದಿನೆಂಟು ದಾಟಿ, 45 ಕಿಲೋ ತೂಕವಿದ್ದು ಆರೋಗ್ಯವಾಗಿದ್ದರೆ, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ, ಯಾರೂ ಫೋನ್ ಮಾಡುವ ಮುಂಚೆಯೇ ಹೋಗಿ ರಕ್ತ ಕೊಟ್ಟು ಬನ್ನಿ. ಫ್ರಿಜ್ಜಿನಲ್ಲಿ ಚೀಲಗಳು ಹೆಚ್ಚಿದ್ದಷ್ಟೂ ಒಂದು ಹೊಂದದಿದ್ದರೆ ಇನ್ನೊಂದನ್ನು ತೆಗೆದು ನೋಡಬಹುದು.